ಮೀನಿನ ಹೊಟ್ಟೆಯಲ್ಲಿರುವವರಿಗೂ ಊಟ ಹಾಕಬೇಕು

ಒಂದು ರೋಹು ಮೀನಿನ ಹೊಟ್ಟೆ ಸೀಳಿ, ಕರುಳನ್ನು ಮೆಲ್ಲಗೆ ಹೊರಗೆಳೆದು ನೋಡಿ. ಸುರುಳಿ ಸುರುಳಿಯಾಗಿ ಬರುತ್ತಲೇ ಇರುತ್ತದೆ. ನೂಲಿನ ಹಾಗೆ ಬಿಡಿಸಿ ತಟ್ಟೆಯ ಮೇಲೆ ಹಾಸಿದರೆ ಮೀನಿನ ಮೈಯುದ್ದಕ್ಕಿಂತ ಎಷ್ಟೋ ಪಟ್ಟು ಉದ್ದ. ಗೋಡೆ ತೆಳ್ಳಗೆ, ಒಳಗೆ ಹಸಿರು-ಕಂದು ಬಣ್ಣದ ಮೆತ್ತನೆಯ ಮೇವು. ಅದರ ಪಕ್ಕದಲ್ಲೇ ಒಂದು ಸಾಲ್ಮನ್ ಮೀನಿನ ಕರುಳು ಇಡಿ. ಗಿಡ್ಡ, ದಪ್ಪ. ಮೀನಿನ ಮೈಯಷ್ಟು ಉದ್ದವೂ ಬರುವುದಿಲ್ಲ. ರೋಹುವಿಗೆ ಜಠರವೇ ಇಲ್ಲ, ತಿಂದದ್ದು ನೇರವಾಗಿ ಕರುಳಿಗೆ. ಸಾಲ್ಮನ್‌ಗೆ ಆಮ್ಲ ಸುರಿಸುವ ಜಠರ ಇದೆ.

ಈ ಎರಡೂ ಮೀನಿಗೆ ಒಂದೇ ಚೀಲದ ಪ್ರಿಬಯಾಟಿಕ್ ಹಾಕಿದರೆ ಒಂದೇ ಥರ ಲಾಭ ಆಗುತ್ತಾ? ಕರುಳು ಚೆನ್ನಾಗಿರುತ್ತದೆ, ಮೀನು ಬೇಗ ಬೆಳೆಯುತ್ತದೆ, ರೋಗ ಬರುವುದಿಲ್ಲ ಅಂತ ಹೇಳಿ ಮಾರುವವರು ಇದ್ದಾರೆ. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದರಲ್ಲಿ ಒಂದು ಪ್ರಶ್ನೆ ಬಿಟ್ಟುಹೋಗಿದೆ. ಯಾರ ಕರುಳು? ಅದರೊಳಗೆ ಯಾರಿದ್ದಾರೆ? ಪ್ರಿಬಯಾಟಿಕ್ ಅನ್ನೋದು ಮೀನಿನೊಳಗೆ ವಾಸ ಮಾಡುವ ಬ್ಯಾಕ್ಟೀರಿಯಾಗಳಿಗೆ ಹಾಕುವ ಊಟ. ಮನೆಯಲ್ಲಿ ಯಾರಿದ್ದಾರೆ, ಅವರು ಏನು ತಿನ್ನುತ್ತಾರೆ ಅಂತ ಕೇಳದೆ ಅಡುಗೆಗೆ ಇಳಿದರೆ ಊಟ ಹಳಸಬಹುದು, ಇಲ್ಲವೇ ಬೇಡದವರ ಪಾಲಾಗಬಹುದು.

ಒಳಗೆ ಯಾರಿದ್ದಾರೆ

ಮೀನು ಬ್ಯಾಕ್ಟೀರಿಯಾಗಳ ನಡುವೆಯೇ ಬದುಕುವ ಪ್ರಾಣಿ. ಕೊಳದ ನೀರಾಗಲಿ ಸಮುದ್ರದ ನೀರಾಗಲಿ, ಒಂದು ಮಿಲಿಲೀಟರ್‌ನಲ್ಲಿ ಸುಮಾರು 10 ಲಕ್ಷ ಬ್ಯಾಕ್ಟೀರಿಯಾ ಇರುತ್ತವೆ. ಮೊಟ್ಟೆಯೊಡೆದು ಬಂದ ಮರಿ ಬಾಯಿ ತೆರೆದ ಕೂಡಲೇ ಇವು ಒಳಗೆ ನುಗ್ಗುತ್ತವೆ. ಹೋದದ್ದೆಲ್ಲ ಉಳಿಯುವುದಿಲ್ಲ. ಪಿತ್ತ, ಜೀರ್ಣರಸ, ಆಮ್ಲಜನಕದ ಕೊರತೆ, ಕರುಳಿನ ಲೋಳೆ, ಇಷ್ಟನ್ನೂ ತಡೆದುಕೊಂಡವು ಮಾತ್ರ ಅಲ್ಲಿ ನೆಲೆ ನಿಲ್ಲುತ್ತವೆ. ಹಾಗಾಗಿ ಕೊಳದ ನೀರಿನಲ್ಲಿ ಯಾವ ಬ್ಯಾಕ್ಟೀರಿಯಾ ಜಾಸ್ತಿ ಇವೆಯೋ ಅವೇ ಕರುಳಿನಲ್ಲೂ ಜಾಸ್ತಿ ಇರಬೇಕು ಅಂತೇನಿಲ್ಲ.

ತಿಲಾಪಿಯಾ, ಗೆಂಡೆಯಂಥ ಸಿಹಿನೀರಿನ ಮೀನುಗಳಲ್ಲಿ ಸೀಟೋಬ್ಯಾಕ್ಟೀರಿಯಂ ಅನ್ನುವ ಬ್ಯಾಕ್ಟೀರಿಯಾ ತುಂಬಾ ಸಾಮಾನ್ಯ. ಅದು ವಿಟಮಿನ್ ಬಿ12 ತಯಾರಿಸುತ್ತದೆ. ಸಮುದ್ರದ ಮೀನುಗಳಲ್ಲಿ ವಿಬ್ರಿಯೋ ಗುಂಪಿನವು ಜಾಸ್ತಿ. ಸಾಲ್ಮನ್ ಕರುಳಿನಲ್ಲಿ ಎಷ್ಟೋ ಸಲ ಮೈಕೋಪ್ಲಾಸ್ಮಾ ಗುಂಪಿನದೇ ಮೇಲುಗೈ. ಹಾಲನ್ನು ಮೊಸರು ಮಾಡುವ ಜಾತಿಯ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೂ ಮೀನುಗಳಲ್ಲಿ ಇರುತ್ತವೆ, ಆದರೆ ಸಾಮಾನ್ಯವಾಗಿ ಎಣಿಕೆಯಲ್ಲಿ ಕಡಿಮೆ.

ವಿಬ್ರಿಯೋ, ಏರೋಮೊನಾಸ್ ಅಂದ ತಕ್ಷಣ ಮೀನು ಸಾಕುವವರು ಬೆಚ್ಚಿಬೀಳುತ್ತಾರೆ. ಅದು ಸಹಜ. ಕೊಳಕ್ಕೆ ಕೊಳವೇ ಖಾಲಿ ಮಾಡುವ ರೋಗಗಳು ಈ ಗುಂಪುಗಳಿಂದಲೇ ಬರುತ್ತವೆ. ಆದರೆ ಈ ಗುಂಪಿನ ಎಲ್ಲವೂ ಕೆಟ್ಟವಲ್ಲ. ಎಷ್ಟೋ ತಳಿಗಳು ಗಟ್ಟಿಮುಟ್ಟಾದ ಮೀನಿನ ಕರುಳಿನಲ್ಲಿ ಸುಮ್ನೆ ಇದ್ದುಬಿಡುತ್ತವೆ. ನೀರು ಕೆಟ್ಟಾಗ, ಮೀನು ಒತ್ತೊತ್ತಾಗಿ ತುಂಬಿದಾಗ, ಸಾಗಣೆಯ ಏಟು ಬಿದ್ದಾಗ ಕೆಲವು ತಿರುಗಿಬೀಳುತ್ತವೆ. ಹಾಗಾಗಿ ಇಲ್ಲಿ ಎಲ್ಲರನ್ನೂ ಓಡಿಸುವ ಮಾತೇ ಬರುವುದಿಲ್ಲ. ಯಾರ ಕೈ ಮೇಲಿದೆ ಅನ್ನೋದೇ ಮುಖ್ಯ.

ಬ್ಯಾಕ್ಟೀರಿಯಾ ಒಂದೂ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದನ್ನೂ ನೋಡಿದ್ದಾರೆ. ಜೀಬ್ರಾಫಿಶ್ ಮರಿಗಳನ್ನು ಒಂದು ಬ್ಯಾಕ್ಟೀರಿಯಾವೂ ಸೋಕದಂತೆ ಬೆಳೆಸಿದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಬ್ಯಾಕ್ಟೀರಿಯಾ ಇದ್ದಾಗ 212 ಜೀನ್‌ಗಳ ಕೆಲಸ ಬದಲಾಗುತ್ತದೆ. ಕರುಳಿನ ಒಳಪದರ ಹೊಸದಾಗುವುದು, ತಿಂದದ್ದನ್ನು ಬಳಸಿಕೊಳ್ಳುವುದು, ರೋಗದ ಎದುರು ನಿಲ್ಲುವುದು, ಈ ಕೆಲಸಗಳ ಜೀನ್‌ಗಳೆಲ್ಲ ಅದರಲ್ಲಿದ್ದವು. ಒಟ್ಟಿನಲ್ಲಿ ಮೀನು ತನ್ನ ಕರುಳನ್ನು ಒಬ್ಬಂಟಿಯಾಗಿ ಕಟ್ಟಿಕೊಳ್ಳುವುದಿಲ್ಲ.

ಪ್ರಿಬಯಾಟಿಕ್ ಅಂದರೆ ಯಾವುದು

ಪ್ರೋಬಯಾಟಿಕ್ ಮತ್ತು ಪ್ರಿಬಯಾಟಿಕ್ ಎರಡೂ ಒಂದೇ ಅಂತ ತಿಳಿದವರು ಬಹಳ. ಪ್ರೋಬಯಾಟಿಕ್ ಅಂದರೆ ಜೀವಂತ ಬ್ಯಾಕ್ಟೀರಿಯಾ ಅಥವಾ ಯೀಸ್ಟ್. ಪ್ರಿಬಯಾಟಿಕ್‌ನಲ್ಲಿ ಜೀವ ಇಲ್ಲ. ಮೀನು ಜೀರ್ಣಿಸಿಕೊಳ್ಳಲಾಗದ, ಆದರೆ ಒಳಗಿರುವ ಕೆಲವು ಬ್ಯಾಕ್ಟೀರಿಯಾ ಜೀರ್ಣಿಸಿಕೊಳ್ಳಬಲ್ಲ ವಸ್ತು ಅದು. ಹೆಚ್ಚಾಗಿ ಸಕ್ಕರೆಯ ಕಣಗಳು ಸರಪಳಿಯಂತೆ ಜೋಡಿಸಿಕೊಂಡಿರುವ ನಾರು. ಈ ಪದವನ್ನು 1995ರಲ್ಲಿ ಗ್ಲೆನ್ ಗಿಬ್ಸನ್ ಮತ್ತು ಮಾರ್ಸೆಲ್ ರಾಬರ್‌ಫ್ರಾಯ್ಡ್ ಅನ್ನುವ ವಿಜ್ಞಾನಿಗಳು ಬಳಕೆಗೆ ತಂದರು. ಅವರ ಕಣ್ಣ ಮುಂದಿದ್ದದ್ದು ಮನುಷ್ಯನ ದೊಡ್ಡ ಕರುಳು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜೀವ ಇಲ್ಲದಿರುವುದೇ ಇದರ ಒಂದು ಅನುಕೂಲ. ಮೀನಿನ ಪೆಲೆಟ್, ಅಂದರೆ ಗುಳಿಗೆಯ ರೂಪದ ಮೇವು, ತಯಾರಾಗುವಾಗ ಬಿಸಿ, ಹಬೆ, ಒತ್ತಡ ಎಲ್ಲ ಬೀಳುತ್ತದೆ. ಹೆಚ್ಚಿನ ಜೀವಂತ ಬ್ಯಾಕ್ಟೀರಿಯಾ ಅದರಲ್ಲಿ ಸತ್ತುಹೋಗುತ್ತವೆ. ಬೀಜಾಣು ಕಟ್ಟುವ ಬ್ಯಾಸಿಲಸ್‌ನಂಥವು ಮಾತ್ರ ತಡೆದುಕೊಳ್ಳುತ್ತವೆ. ಈ ನಾರುಗಳು ಆ ಬಿಸಿಯನ್ನು ಸಾಕಷ್ಟು ತಾಳಿಕೊಳ್ಳುತ್ತವೆ. ತಿಂಗಳುಗಟ್ಟಲೆ ಗೋದಾಮಿನಲ್ಲಿಟ್ಟರೂ ಸಾಯುವ ಭಯ ಇಲ್ಲ.

ಮೇವಿಗೆ ಬೆರೆಸುವವು ಹಲವು. ಚಿಕೋರಿ ಬೇರಿನಿಂದ ತೆಗೆಯುವ ಇನುಲಿನ್. ಅದೇ ಸರಪಳಿಯ ಚಿಕ್ಕ ತುಂಡುಗಳಾದ ಫ್ರಕ್ಟೋ ಆಲಿಗೋಸ್ಯಾಕರೈಡ್, ಬಾಯಿಮಾತಿನಲ್ಲಿ ಎಫ್‌ಒಎಸ್. ಯೀಸ್ಟ್ ಜೀವಕೋಶದ ಹೊರಗೋಡೆಯಿಂದ ಬರುವ ಮ್ಯಾನನ್ ಆಲಿಗೋಸ್ಯಾಕರೈಡ್, ಅಂದರೆ ಎಂಒಎಸ್. ಅದೇ ಯೀಸ್ಟ್ ಗೋಡೆಯ ಬೀಟಾ ಗ್ಲೂಕಾನ್. ಗ್ಯಾಲಕ್ಟೋ, ಕ್ಸೈಲೋ ಹೆಸರಿನವೂ ಇವೆ. ಎಲ್ಲಕ್ಕೂ ಪ್ರಿಬಯಾಟಿಕ್ ಅಂತ ಒಂದೇ ಹೆಸರಿಟ್ಟರೂ ಇವು ಮಾಡುವ ಕೆಲಸ ಒಂದೇ ಅಲ್ಲ. ಗೊಂದಲ ಶುರುವಾಗುವುದೇ ಇಲ್ಲಿ.

ಒಂದು ಪೆಲೆಟ್‌ನ ಹಿಂದೆ ಹೋಗೋಣ

ತಿಲಾಪಿಯಾ ಒಂದು ಪೆಲೆಟ್ ನುಂಗಿತು ಅಂತಿಟ್ಟುಕೊಳ್ಳಿ. ಅದರಲ್ಲಿ ಎಫ್‌ಒಎಸ್ ಇದೆ. ಜಠರದ ಆಮ್ಲದಲ್ಲಿ ಪೆಲೆಟ್ ಕರಗಿ ಗಂಜಿಯಾಯಿತು. ಕರುಳಿನ ಮೊದಲ ಭಾಗದಲ್ಲಿ ಮೀನಿನ ಕಿಣ್ವಗಳು ಪ್ರೋಟೀನು, ಕೊಬ್ಬು, ಪಿಷ್ಟವನ್ನು ಒಡೆದು ಹೀರಿಕೊಂಡವು. ಎಫ್‌ಒಎಸ್ ಮಾತ್ರ ಹಾಗೇ ಉಳಿಯಿತು. ಅದರ ಕೊಂಡಿಯನ್ನು ಬಿಡಿಸುವ ಕತ್ತರಿ ಮೀನಿನ ಹತ್ತಿರ ಇಲ್ಲ. ಮುಂದೆ ಸಾಗುತ್ತಾ ಅದು ಕರುಳಿನ ಕೊನೆಯ ಭಾಗಕ್ಕೆ ಬಂತು. ಅಲ್ಲಿ ಬ್ಯಾಕ್ಟೀರಿಯಾ ದಟ್ಟ. ಕೆಲವರ ಹತ್ತಿರ ಆ ಕತ್ತರಿ ಇದೆ. ಅವರಿಗೆ ಹಬ್ಬ.

ಆ ಬ್ಯಾಕ್ಟೀರಿಯಾಗಳು ಸರಪಳಿ ಮುರಿದು, ಸಕ್ಕರೆ ತಿಂದು, ಹುದುಗು ಬರಿಸುತ್ತವೆ. ಹಿಟ್ಟು ಹುಳಿ ಬಂದ ಹಾಗೆಯೇ. ಆಗ ಹೊರಬರುವುದು ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಅನ್ನುವ ಚಿಕ್ಕ ಕೊಬ್ಬಿನಾಮ್ಲಗಳು. ಮೀನಿನಲ್ಲಿ ಸಾಮಾನ್ಯವಾಗಿ ಅಸಿಟೇಟ್ ಪಾಲೇ ಜಾಸ್ತಿ. ಇವುಗಳಿಂದ ಎರಡು ಲಾಭ. ಒಂದು, ಕರುಳಿನ ಗೋಡೆಯ ಕಣಗಳು, ಅಂದರೆ ಜೀವಕೋಶಗಳು, ಇವನ್ನೇ ಉರುವಲಾಗಿ ಬಳಸುತ್ತವೆ. ಬ್ಯುಟಿರೇಟ್ ಅಂತೂ ಆ ಕಣಗಳಿಗೆ ತುಂಬಾ ಇಷ್ಟ. ಇನ್ನೊಂದು, ಆ ಜಾಗ ಸ್ವಲ್ಪ ಹುಳಿಯಾಗುತ್ತದೆ, ಹುಳಿ ಸಹಿಸದ ರೋಗಾಣುಗಳಿಗೆ ಅಲ್ಲಿ ಬೆಳೆಯಲು ಕಷ್ಟ. ಊಟ, ಜಾಗ ಎರಡನ್ನೂ ಬೇರೆಯವರು ಹಿಡಿದುಕೊಂಡಿರುವುದರಿಂದ ಹೊಸದಾಗಿ ಬಂದ ರೋಗಾಣುವಿಗೆ ಕಾಲಿಡಲು ಜಾಗವೂ ಕಡಿಮೆ.

ಎಂಒಎಸ್ ಕಥೆ ಪೂರ್ತಿ ಬೇರೆ. ನನಗೆ ಇದು ಎಲ್ಲಕ್ಕಿಂತ ಚೆಂದ ಅನ್ನಿಸುತ್ತದೆ. ಕೆಲವು ರೋಗಾಣುಗಳ ಮೈಮೇಲೆ ಸಣ್ಣ ಎಳೆಗಳಿರುತ್ತವೆ. ಎಳೆಯ ತುದಿಯಲ್ಲಿ ಮ್ಯಾನೋಸ್ ಅನ್ನುವ ಸಕ್ಕರೆಯನ್ನು ಹಿಡಿಯುವ ಕೊಕ್ಕೆ. ಕರುಳಿನ ಗೋಡೆಯ ಮೇಲೂ ಮ್ಯಾನೋಸ್ ಇರುತ್ತದೆ. ರೋಗಾಣು ಅದಕ್ಕೆ ಕೊಕ್ಕೆ ಹಾಕಿ ಅಂಟಿಕೊಳ್ಳುತ್ತದೆ. ಅಂಟಿಕೊಂಡರೆ ಮಾತ್ರ ಅದಕ್ಕೆ ದಾರಿ, ಇಲ್ಲವಾದರೆ ಮಲದ ಜೊತೆ ಹೊರಗೆ. ಈಗ ಮೇವಿನ ಜೊತೆ ಎಂಒಎಸ್ ಬಂತು ಅಂದುಕೊಳ್ಳಿ. ಅದರ ಮೈತುಂಬಾ ಮ್ಯಾನೋಸ್. ರೋಗಾಣುವಿನ ಕೊಕ್ಕೆ ಗೋಡೆಯ ಬದಲು ಈ ತೇಲುವ ತುಣುಕನ್ನೇ ಹಿಡಿಯುತ್ತದೆ. ಎರಡೂ ಒಟ್ಟಿಗೆ ಹೊರಗೆ ಹೋಗುತ್ತವೆ. ಇಲ್ಲಿ ಯಾರಿಗೂ ಊಟ ಹಾಕಿದ್ದಿಲ್ಲ, ಯಾರನ್ನೂ ಕೊಂದದ್ದೂ ಇಲ್ಲ.

ಬೀಟಾ ಗ್ಲೂಕಾನ್ ಇನ್ನೊಂದು ದಾರಿ ಹಿಡಿಯುತ್ತದೆ. ಶಿಲೀಂಧ್ರಗಳ ಗೋಡೆಯಲ್ಲಿ ಇರುವ ವಸ್ತು ಅದು. ಮೀನಿನ ರಕ್ಷಣಾ ಕಣಗಳು ಅದನ್ನು ಕಂಡರೆ ಶತ್ರು ಬಂದ ಅಂತ ಎಚ್ಚರಾಗುತ್ತವೆ. ಹಾಗಾಗಿ ಎಷ್ಟೋ ಜನ ವಿಜ್ಞಾನಿಗಳು ಇದನ್ನು ರೋಗನಿರೋಧಕ ಶಕ್ತಿ ಕೆರಳಿಸುವ ವಸ್ತುಗಳ ಪಟ್ಟಿಗೆ ಸೇರಿಸುತ್ತಾರೆ. ಹಾಗೆ ಸೇರಿಸುವುದೇ ಸರಿ ಅಂತ ನನ್ನ ಅಭಿಪ್ರಾಯ.

ಮನುಷ್ಯನ ಲೆಕ್ಕ ಮೀನಿಗೆ ಹೊಂದುವುದಿಲ್ಲ

ಪ್ರಿಬಯಾಟಿಕ್ ಅನ್ನುವ ಯೋಚನೆ ಹುಟ್ಟಿದ್ದು ಮನುಷ್ಯನ ಕರುಳನ್ನು ನೋಡಿ ಅಂದೆನಲ್ಲ. ನಮ್ಮ ದೊಡ್ಡ ಕರುಳಿನಲ್ಲಿ ಇನುಲಿನ್ ಹಾಕಿದರೆ ಮುಖ್ಯವಾಗಿ ಹೆಚ್ಚುವುದು ಬೈಫಿಡೋಬ್ಯಾಕ್ಟೀರಿಯಾ. ಮೀನಿನ ಕರುಳಿನಲ್ಲಿ ಅವು ಅಪರೂಪ. ಊಟ ಬಡಿಸಿದ್ದೀರಿ, ಅತಿಥಿಯೇ ಊರಲ್ಲಿಲ್ಲ. ಹಾಗಾದರೆ ಆ ಊಟವನ್ನು ಯಾರು ತಿನ್ನುತ್ತಾರೆ? ಅದು ಆಯಾ ಮೀನಿನಲ್ಲಿ ಯಾರಿದ್ದಾರೆ ಅನ್ನೋದರ ಮೇಲೆ ನಿಂತಿದೆ.

ಇನ್ನೊಂದು ವ್ಯತ್ಯಾಸ ಬಿಸಿಯದು. ನಮ್ಮ ಹೊಟ್ಟೆ ಸದಾ 37 ಡಿಗ್ರಿ. ಮೀನಿನ ಹೊಟ್ಟೆ ನೀರು ಎಷ್ಟೋ ಅಷ್ಟು. 28 ಡಿಗ್ರಿ ನೀರಿನ ತಿಲಾಪಿಯಾದಲ್ಲಿ ಹುದುಗು ಬೇಗ ಬರುತ್ತದೆ. 10 ಡಿಗ್ರಿ ನೀರಿನ ಸಾಲ್ಮನ್‌ನಲ್ಲಿ ಅದೇ ಕೆಲಸ ಮಂದ. ದೋಸೆ ಹಿಟ್ಟು ಚಳಿಯಲ್ಲಿ ಹುಳಿ ಬರದೆ ಸತಾಯಿಸುತ್ತದಲ್ವಾ, ಹಾಗೆ. ಕರುಳಿನ ಉದ್ದವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಉದ್ದ ಕರುಳಿನಲ್ಲಿ ಮೇವು ಸಾಗುವ ದಾರಿ ದೂರ, ಬ್ಯಾಕ್ಟೀರಿಯಾಗೆ ಕೆಲಸ ಮಾಡಲು ಹೊತ್ತು ಸಿಗುತ್ತದೆ. ಗಿಡ್ಡ ಕರುಳಿನ ಮಾಂಸಾಹಾರಿ ಮೀನಿನಲ್ಲಿ ಅಷ್ಟು ಅವಕಾಶ ಇಲ್ಲ.

ಪ್ರಯೋಗಗಳು ಇದನ್ನೇ ತೋರಿಸುತ್ತವೆ. ಟರ್ಬಟ್ ಅನ್ನೋದು ಸಮುದ್ರದ ಚಪ್ಪಟೆ ಮೀನು. ಅದರ ಮರಿಗಳಿಗೆ ಆಲಿಗೋಫ್ರಕ್ಟೋಸ್ (ಇದೂ ಎಫ್‌ಒಎಸ್ ಜಾತಿಯದೇ) ಬೆರೆಸಿದ ಮೇವು ಕೊಟ್ಟ ಅಧ್ಯಯನ 2006ರಲ್ಲಿ ಬಂತು. ಮರಿಗಳು ಚೆನ್ನಾಗಿ ಬೆಳೆದವು. ಕರುಳಿನಲ್ಲಿ ಬ್ಯಾಸಿಲಸ್ ಕಾಣಿಸಿಕೊಂಡಿತು. ಆ ಬ್ಯಾಸಿಲಸ್ಸನ್ನು ಹೊರತೆಗೆದು ಬರೀ ಆ ಸಕ್ಕರೆಯನ್ನೇ ಕೊಟ್ಟರೂ ಅದು ಬೆಳೆಯಿತು. ಊಟ ಯಾರು ತಿಂದರು ಅನ್ನೋದು ಇಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಇಂಥ ಅಧ್ಯಯನ ಇನ್ನೂ ಜಾಸ್ತಿ ಬೇಕು ಅಂತ ನನಗೆ ಅನ್ನಿಸುತ್ತದೆ. ತೂಕ ಹೆಚ್ಚಿತು ಅಂತ ಬರೆದು ಮುಗಿಸುವವರು ಬಹಳ. ಯಾರು ತಿಂದದ್ದರಿಂದ ಹೆಚ್ಚಿತು ಅಂತ ಹುಡುಕುವವರು ಕಡಿಮೆ.

ಈಗ ಉಲ್ಟಾ ಉದಾಹರಣೆ. ಆರ್ಕ್ಟಿಕ್ ಚಾರ್ ಅನ್ನುವ ತಣ್ಣೀರಿನ ಮೀನಿಗೆ ಮೇವಿನ ತೂಕದ ಶೇಕಡಾ 15ರಷ್ಟು ಇನುಲಿನ್ ಕೊಟ್ಟರು. ಕರುಳಿನ ಕೊನೆಯ ಭಾಗದ ಕಣಗಳು ಹಾಳಾದವು. ಸೂಕ್ಷ್ಮದರ್ಶಕದಲ್ಲಿ ಕಣಗಳ ಒಳಗೆ ಗುಳ್ಳೆಗಳು ತುಂಬಿದ್ದು ಕಂಡಿತು. ಬ್ಯಾಕ್ಟೀರಿಯಾಗಳ ಸಂಖ್ಯೆಯೂ ಇಳಿಯಿತು. ಸಾಲ್ಮನ್‌ಗೆ ಶೇಕಡಾ 7.5ರಷ್ಟು ಕೊಟ್ಟಾಗ ಅಂಥ ಹಾನಿ ಕಾಣಲಿಲ್ಲ. ಬೆಲುಗಾ ಸ್ಟರ್ಜನ್‌ಗೆ ಶೇಕಡಾ 1ರಿಂದ 3ರವರೆಗೆ ಇನುಲಿನ್ ಕೊಟ್ಟಾಗ, ಪ್ರಮಾಣ ಏರಿದಂತೆ ಬೆಳವಣಿಗೆ ಕುಗ್ಗಿತು. ಒಂದೇ ಇನುಲಿನ್, ಮೂರು ಮೀನು, ಮೂರು ಉತ್ತರ.

ಎಂಒಎಸ್ ಫಲಿತಾಂಶಗಳು ಇದಕ್ಕಿಂತ ಸ್ವಲ್ಪ ಸ್ಥಿರ. ಯುರೋಪಿನ ಸೀಬಾಸ್ ಮೀನಿಗೆ ಮೇವಿನಲ್ಲಿ ಶೇಕಡಾ 2 ಮತ್ತು 4ರಷ್ಟು ಎಂಒಎಸ್ ಬೆರೆಸಿ, ಆಮೇಲೆ ವಿಬ್ರಿಯೋ ಸೋಂಕು ಹಚ್ಚಿ ನೋಡಿದರು. ಎಂಒಎಸ್ ತಿಂದ ಗುಂಪಿನಲ್ಲಿ ಸೋಂಕು ತಗುಲಿದ ಮೀನುಗಳು ಕಡಿಮೆ. ರೇನ್‌ಬೋ ಟ್ರೌಟ್‌ನಲ್ಲಿ ಕರುಳಿನ ಗೋಡೆಯನ್ನೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ್ದಾರೆ. ಆಹಾರ ಹೀರುವ ಪ್ರತಿ ಕಣದ ತಲೆಯ ಮೇಲೂ ಬ್ರಶ್ಶಿನ ಎಳೆಗಳಂಥ ಅತಿಸಣ್ಣ ಚಾಚುಗಳು ಇರುತ್ತವೆ. ಮೈಕ್ರೋವಿಲ್ಲೈ ಅಂತ ಹೆಸರು. ಎಂಒಎಸ್ ತಿಂದ ಮೀನಿನಲ್ಲಿ ಅವು ಇನ್ನೂ ದಟ್ಟವಾಗಿದ್ದವು. ಬ್ರಶ್ ದಟ್ಟವಾದಷ್ಟೂ ಹೀರುವ ಜಾಗ ಜಾಸ್ತಿ, ರೋಗಾಣು ನುಸುಳುವ ಸಂದು ಕಡಿಮೆ.

ಈಗ ಯಾಕೆ ಇಷ್ಟು ಮಾತು

ಜನ ತಿನ್ನುವ ಮೀನು, ಸಿಗಡಿಗಳಲ್ಲಿ ಸಾಕಣೆಯದರ ಪಾಲು ಏರುತ್ತಲೇ ಇದೆ. ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಸಾಕಿ ಬೆಳೆಸಿದ ಜಲಚರಗಳು 9.44 ಕೋಟಿ ಟನ್. ಹಿಡಿದು ತಂದದ್ದಕ್ಕಿಂತ ಸಾಕಿದ್ದು ಜಾಸ್ತಿಯಾದದ್ದು ಅದೇ ಮೊದಲು. ಇಷ್ಟು ಮೀನನ್ನು ಒತ್ತಾಗಿ ಸಾಕಿದಾಗ ರೋಗ ಬಂದೇ ಬರುತ್ತದೆ. ಹಿಂದೆ ಅದಕ್ಕೆ ಮೇವಿನಲ್ಲೇ ಆಂಟಿಬಯಾಟಿಕ್ ಬೆರೆಸುವುದು ಸುಲಭದ ದಾರಿ ಆಗಿತ್ತು. ಅದರಿಂದ ಔಷಧಕ್ಕೆ ಬಗ್ಗದ ರೋಗಾಣುಗಳು ಹುಟ್ಟಿಕೊಂಡವು. ಪ್ರಾಣಿಗಳನ್ನು ಬೇಗ ಬೆಳೆಸಲು ಮೇವಿಗೆ ಆಂಟಿಬಯಾಟಿಕ್ ಹಾಕುವುದನ್ನು ಯುರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ ಪೂರ್ತಿ ನಿಲ್ಲಿಸಿತು. ಬೇರೆ ದಾರಿ ಹುಡುಕಲೇಬೇಕಾಯಿತು.

ಇನ್ನೊಂದು ಕಾರಣ ಸೋಯಾ. ಸಮುದ್ರದ ಸಣ್ಣ ಮೀನು ಅರೆದು ದೊಡ್ಡ ಮೀನಿಗೆ ಹಾಕುವುದು ದುಬಾರಿ, ಸಮುದ್ರಕ್ಕೂ ಹೊರೆ. ಅದರ ಬದಲು ಸೋಯಾ ಹಿಂಡಿ ಬಂತು. ಆದರೆ ಸಾಲ್ಮನ್‌ನಂಥ ಮಾಂಸಾಹಾರಿ ಮೀನಿಗೆ ಸೋಯಾ ಜಾಸ್ತಿಯಾದರೆ ಕರುಳಿನ ಕೊನೆಯ ಭಾಗ ಉರಿಯೂತದಿಂದ ಊದಿಕೊಳ್ಳುತ್ತದೆ. ಸೋಯಾದಲ್ಲಿರುವ ಸಪೋನಿನ್ ಅನ್ನುವ ವಸ್ತು ಅದಕ್ಕೆ ಮುಖ್ಯ ಕಾರಣ. ಎಂಒಎಸ್ ಬೆರೆಸಿದಾಗ ಸಾಲ್ಮನ್‌ನಲ್ಲಿ ಆ ಊತ ಕಡಿಮೆಯಾದದ್ದನ್ನು ನೋಡಿದ್ದಾರೆ. ಪ್ರಿಬಯಾಟಿಕ್‌ನ ನಿಜವಾದ ಬಳಕೆ ಇಂಥ ಜಾಗದಲ್ಲೇ ಇದೆ ಅಂತ ನನ್ನ ನಂಬಿಕೆ. ಒಳ್ಳೆ ನೀರು, ಒಳ್ಳೆ ಮೇವು, ಬೇಕಾದಷ್ಟು ಜಾಗ ಇರುವ ಮೀನಿಗೆ ಇದನ್ನು ಹಾಕಿದರೆ ಎಷ್ಟೋ ಸಲ ಏನೂ ವ್ಯತ್ಯಾಸ ಕಾಣುವುದಿಲ್ಲ. ಅದು ಸೋಲಲ್ಲ. ಸರಿಯಿರುವುದನ್ನು ಇನ್ನೇನು ಸರಿ ಮಾಡುವುದು?

ಬಳಸುವವರು ಗಮನಿಸಬೇಕಾದದ್ದು

ಪ್ರಮಾಣ ಚಿಕ್ಕದೇ ಇರಲಿ. ಎಂಒಎಸ್ ಸಾಮಾನ್ಯವಾಗಿ ಬಳಸುವುದು ಶೇಕಡಾ 0.2ರಿಂದ 0.4, ಅಂದರೆ 100 ಕಿಲೋ ಮೇವಿಗೆ 200ರಿಂದ 400 ಗ್ರಾಂ. ಎಫ್‌ಒಎಸ್, ಇನುಲಿನ್ ಆದರೆ ಪ್ರಯೋಗಗಳಲ್ಲಿ ಹೆಚ್ಚಾಗಿ ಶೇಕಡಾ 1ರ ಆಸುಪಾಸು. ಒಳ್ಳೇದು ಅಂತ ದುಪ್ಪಟ್ಟು ಸುರಿದರೆ ಚಾರ್ ಮೀನಿಗೆ ಆದ ಗತಿ ನೆನಪಿರಲಿ. ಬಳಕೆಯಾಗದೆ ಉಳಿದ ಸಕ್ಕರೆ ಬೇಡದ ಬ್ಯಾಕ್ಟೀರಿಯಾಗೂ ಊಟವೇ.

ಎಫ್‌ಒಎಸ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಪುಡಿಯನ್ನು ಮೇವಿನ ಮೇಲೆ ಸುಮ್ನೆ ಉದುರಿಸಿ ಕೊಳಕ್ಕೆ ಎಸೆದರೆ ಮೀನಿನ ಬಾಯಿಗೆ ಹೋಗುವುದಕ್ಕಿಂತ ನೀರಿಗೆ ಹೋಗುವುದೇ ಜಾಸ್ತಿ. ಪೆಲೆಟ್ ತಯಾರಿಸುವಾಗಲೇ ಹಿಟ್ಟಿನ ಜೊತೆ ಬೆರೆತಿರಬೇಕು. ಆಮೇಲೆ ಹಾಕುವುದೇ ಆದರೆ ಎಣ್ಣೆಯ ಲೇಪ ಕೊಡಬೇಕು. ತಿಂಡಿಯನ್ನು ನಿಧಾನವಾಗಿ ತಿನ್ನುವ ಮೀನಾದರೆ ಇದು ಇನ್ನೂ ಮುಖ್ಯ.

ಫಲ ಸಿಕ್ಕಿತಾ ಅಂತ ನೋಡುವುದಕ್ಕೂ ಒಂದು ಕ್ರಮ ಇದೆ. ಹೋದ ವರ್ಷಕ್ಕಿಂತ ಈ ವರ್ಷ ಮೀನು ಚೆನ್ನಾಗಿ ಬಂತು ಅನ್ನೋದು ಸಾಕ್ಷಿ ಅಲ್ಲ. ಮಳೆ, ಬಿಸಿಲು, ಮರಿಯ ತಳಿ ಎಲ್ಲ ಬದಲಾಗಿರುತ್ತದೆ. ಒಂದೇ ತಂಡದ ಮರಿ, ಒಂದೇ ನೀರು, ಒಂದೇ ಮೇವು. ಮೂರು ತೊಟ್ಟಿಗೆ ಪ್ರಿಬಯಾಟಿಕ್ ಹಾಕಿ, ಮೂರಕ್ಕೆ ಹಾಕಬೇಡಿ. ಎರಡು ತಿಂಗಳು ಮೇವಿನ ತೂಕ, ಮೀನಿನ ತೂಕ, ಸತ್ತವುಗಳ ಲೆಕ್ಕ ಬರೆದಿಡಿ. ಒಂದೊಂದೇ ತೊಟ್ಟಿ ಇಟ್ಟರೆ ಆ ತೊಟ್ಟಿಯದೇ ಗುಣವೋ ಪ್ರಿಬಯಾಟಿಕ್ ಗುಣವೋ ಗೊತ್ತಾಗುವುದಿಲ್ಲ. ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಎಷ್ಟೋ ಕಡೆ ಮೇವಿಗೇ ಹೋಗುತ್ತದೆ. ಹಾಗಾಗಿ ಒಂದು ಕಿಲೋ ಮೀನಿಗೆ ಎಷ್ಟು ಕಿಲೋ ಮೇವು ಬಿತ್ತು ಅನ್ನುವ ಲೆಕ್ಕವೇ ಕೊನೆಗೆ ಮಾತಾಡುತ್ತದೆ.

ಬ್ಯಾಕ್ಟೀರಿಯಾ ಪರೀಕ್ಷೆಯ ವರದಿ ಕೈಗೆ ಬಂದರೆ, ಮಾದರಿ ಎಲ್ಲಿಂದ ತೆಗೆದರು ಅಂತ ಮೊದಲು ಕೇಳಿ. ಕರುಳಿನೊಳಗಿನ ಮೇವಿನಲ್ಲಿ ಸಿಗುವವು ಬರೀ ದಾರಿಹೋಕರು ಇರಬಹುದು. ಗೋಡೆಯ ಲೋಳೆಗೆ ಅಂಟಿಕೊಂಡು ಇರುವವರೇ ಮನೆಯವರು. ಎರಡರ ಪಟ್ಟಿ ಬೇರೆ ಬೇರೆ ಬರುತ್ತದೆ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಎಣಿಸುವ ಹಳೇ ಪದ್ಧತಿಯಲ್ಲಿ ತಟ್ಟೆಯಲ್ಲಿ ಬೆಳೆಯಬಲ್ಲವು ಮಾತ್ರ ಕಾಣುತ್ತವೆ. ಉಳಿದವು ಲೆಕ್ಕಕ್ಕೇ ಬರುವುದಿಲ್ಲ. ಡಿಎನ್‌ಎ ಓದುವ ಈಗಿನ ಪದ್ಧತಿಯಲ್ಲಿ ಅವೂ ಕಾಣುತ್ತವೆ, ಆದರೆ ಸತ್ತವೂ ಬದುಕಿದವೂ ಒಟ್ಟಿಗೆ ಎಣಿಕೆಯಾಗುತ್ತವೆ.

ಹೊತ್ತಿನ ವಿಷಯವೂ ಇದೆ. ಎಳೇ ಮರಿಯಲ್ಲಿ ಕರುಳಿನ ಬ್ಯಾಕ್ಟೀರಿಯಾ ಇನ್ನೂ ನೆಲೆ ಹುಡುಕುತ್ತಿರುತ್ತವೆ, ಅಲ್ಲಿ ಒಂದು ಸಣ್ಣ ತಳ್ಳಾಟಕ್ಕೂ ಫಲ ಇರುತ್ತದೆ. ದೊಡ್ಡ ಮೀನಿನಲ್ಲಿ ಎಲ್ಲರೂ ತಮ್ಮ ತಮ್ಮ ಜಾಗ ಹಿಡಿದು ಕೂತಿರುತ್ತಾರೆ. ಅಲ್ಲಿ ಬದಲಾವಣೆ ನಿಧಾನ, ಹಾಕುವುದು ನಿಲ್ಲಿಸಿದರೆ ಹಿಂದಿನ ಸ್ಥಿತಿಗೇ ಮರಳಬಹುದು. ಬೀಟಾ ಗ್ಲೂಕಾನ್ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ರಕ್ಷಣಾ ಕಣಗಳನ್ನು ದಿನಾ ಎಬ್ಬಿಸುತ್ತಿದ್ದರೆ ಅವು ಸುಸ್ತಾಗಬಹುದು. ಹಾಗಾಗಿ ಎಷ್ಟೋ ಮಂದಿ ಕೆಲವು ವಾರ ಕೊಟ್ಟು, ಕೆಲವು ವಾರ ಬಿಡುತ್ತಾರೆ. ಮರಿಗಳನ್ನು ದೂರ ಸಾಗಿಸುವ ಮುಂಚೆ, ಬಲೆ ಹಾಕಿ ಗಾತ್ರ ನೋಡಿ ಬೇರೆ ಮಾಡುವ ಮುಂಚೆ, ನೀರು ತಣ್ಣಗಾಗುವ ಕಾಲಕ್ಕೆ ಮುಂಚೆ ಶುರು ಮಾಡುತ್ತಾರೆ. ಏಟು ಬಿದ್ದ ಮೇಲೆ ಶುರು ಮಾಡಿ ಪ್ರಯೋಜನ ಇಲ್ಲ. ಕಾಯಿಲೆ ಬಿದ್ದ ಮೀನು ಮೊದಲು ಬಿಡುವುದೇ ಮೇವನ್ನು.